ಗಾಜಿನ ಸವತಿ

ಫೆಬ್ರವರಿ ೯, ಭಾನುವಾರ

ಇವರ ಜೊತೆ ಜಗಳ ಆಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮದುವೆಯಾದ ಮೇಲೆ ದಿನಕ್ಕೊಂದಾದರೂ ಜಗಳವಿಲ್ಲದೆ ನನಗೆ ಅನ್ನ ಸೇರಿದ್ದಿಲ್ಲ. ಅದಕ್ಕೇ ಈ ಪುಸ್ತಕ ತಂದಿದ್ದೇನೆ. ಇಲ್ಲಿ ಆಡಿದರೆ ಯಾರ ರಕ್ತದೊತ್ತಡವೂ ಏರುವುದಿಲ್ಲ.

ನಿನ್ನೆ ಆಸ್ಪತ್ರೆಯಿಂದ ಕರೆತಂದೆವು. ಒಂದು ಕಡೆ ಅಣ್ಣ ಹಿಡಿದುಕೊಂಡ, ಇನ್ನೊಂದು ಕಡೆ ನಾನು. ಕಾಲು ಪರವಾಗಿಲ್ಲ, ಬಲಗೈ ನಿಧಾನಕ್ಕೆ ಬರುತ್ತಿದೆ. ಹೋಗಿರುವುದು ಮಾತು. ಮಿದುಳಿನಲ್ಲಿ ಮಾತು ಇರುವ ಕಡೆಗೇ ರಕ್ತ ಕಟ್ಟಿಕೊಂಡಿತಂತೆ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ತಾವು ಹೇಳಲು ಆಗುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೂತು ಊರಿಗೆಲ್ಲ ಅಕ್ಷರ ಓದಿಸಿದ ಮನುಷ್ಯ, ಈಗ ಒಂದು ಅಕ್ಷರಕ್ಕಾಗಿ ಬಾಯಿ ತೆರೆದುಕೊಂಡು ಕೂರುತ್ತಾರೆ. ನನಗೆ ನೋಡಲಾಗುವುದಿಲ್ಲ.

ಆಸ್ಪತ್ರೆಯಲ್ಲಿ ಮೊದಲ ಸಲ ಕಣ್ಣು ಬಿಟ್ಟಾಗ ನಾನು ಪಕ್ಕದಲ್ಲಿ ಕೂತು ಅಳುತ್ತಿದ್ದೆ. ನನ್ನನ್ನು ನೋಡಿ “ಬೇ” ಎಂದರು. ಹೊದಿಕೆ ಬೇಡವೇನೋ ಎಂದು ಎಳೆದು ಮಡಿಸಿಟ್ಟೆ. ನರ್ಸು ಬಂದು ಬೈದು ಮತ್ತೆ ಹೊದಿಸಿದಳು.

ಇವರು ಮನೆಗೆ ಬಂದು ಮೊದಲು ಕಣ್ಣು ಹಾಯಿಸಿದ್ದು ಎಲ್ಲಿಗೆ ಅಂತೀಯಾ, ಪುಸ್ತಕವೇ? ಸವತಿಯ ಕಡೆಗೆ. ಊಟದ ಕೋಣೆಯ ಗೋಡೆಗೆ ನಿಂತಿರುವ ಗಾಜಿನ ಬಾಗಿಲಿನ ಕಪಾಟಿಗೆ ಈ ಹೆಸರಿಟ್ಟವಳು ನಾನೇ. ಅದರ ತುಂಬ ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ವಿಸ್ಕಿ. ಮೇಲಿನ ಅರೆಗಳಲ್ಲಿ ಸೀಲು ಒಡೆಯದ ಬಾಟಲಿಗಳು, ಅವು ಸಂಗ್ರಹ. ಕೆಳಗಿನ ಅರೆಯಲ್ಲಿ ಒಡೆದವು, ಅವು ಸಂಸಾರ. ಅವನ್ನು ಮಲಗಿಸಬಾರದು, ಬಿಸಿಲು ತಾಗಿಸಬಾರದು, ಆಗಾಗ ಒಮ್ಮೆ ಬಾಗಿಸಿ ಬಿರಡೆ ಒದ್ದೆ ಮಾಡಿ ಮತ್ತೆ ನಿಲ್ಲಿಸಬೇಕು. ನನ್ನ ಬೆನ್ನುನೋವಿಗೆ ಈ ಆರೈಕೆ ಯಾವತ್ತೂ ಸಿಕ್ಕಿಲ್ಲ.

ಇನ್ನು ಒಂದು ಹನಿಯೂ ಕೂಡದು ಎಂದಿದ್ದಾರೆ ಡಾಕ್ಟರು. ಇದೆಲ್ಲ ಅದರಿಂದಲೇ ಆದದ್ದು ತಾನೇ ಎಂದು ಕೇಳಿದೆ. ಅಲ್ಲ, ರಕ್ತದೊತ್ತಡದ ಮಾತ್ರೆಯನ್ನು ಮನಸ್ಸು ಬಂದಾಗ ಮಾತ್ರ ನುಂಗಿದ್ದರಿಂದ ಎಂದರು. ಆ ಡಾಕ್ಟರೂ ಕುಡಿಯುವವರೇ ಇರಬೇಕು.

ಫೆಬ್ರವರಿ ೧೧, ಮಂಗಳವಾರ

ಬಾಯಿಂದ ಬರುವುದು ಒಂದೇ: ಬೇ. ಸೂಪು ಕೊಟ್ಟರೆ ಬೇ. ಕಿಟಕಿ ತೆರೆದರೆ ಬೇ. ಬೇಡ ಎಂದು ನನಗೆ ಗೊತ್ತಾಗುತ್ತದೆ, ಪೂರ್ತಿ ಹೇಳುವ ತನಕ ಯಾಕೆ ಕಷ್ಟ ಕೊಡಬೇಕು? ತಟ್ಟೆ ತೆಗೆದುಬಿಡುತ್ತೇನೆ. ನನ್ನ ಡ್ರೈಕ್ಲೀನಿಂಗ್ ಅಂಗಡಿಯಲ್ಲೂ ಹಾಗೇ. ಗಿರಾಕಿ ಕೋಟು ಹರಡಿ “ಇಲ್ಲಿ ಒಂದು...” ಎನ್ನುವಷ್ಟರಲ್ಲಿ ಮೂಸಿ ನೋಡಿ, ಕಾಫಿ ಕಲೆ, ಗುರುವಾರ ಬನ್ನಿ ಎಂದಿರುತ್ತೇನೆ. ಅರ್ಧ ಮಾತಿನಲ್ಲೇ ಪೂರ್ತಿ ತಿಳಿದುಕೊಳ್ಳುವುದು ಅಮ್ಮನಿಂದ ಬಂದ ಗುಣ. ಅಪ್ಪ ಅದಕ್ಕೇ ಮಾತು ಕಡಿಮೆ ಮಾಡಿದ್ದರೋ ಏನೋ.

ಇವತ್ತು ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. ಸವತಿಯನ್ನು ಅಧ್ಯಕ್ಷರ ಮನೆಗೆ ಕಳಿಸಿಬಿಡೋಣವಾ ಎಂದೆ. ಅಧ್ಯಕ್ಷರೆಂದರೆ ಇವರ ಗೆಳೆಯರು, ಹೋಟೆಲು ನಡೆಸುತ್ತಾರೆ. ಶನಿವಾರ ಸಂಜೆ ಒಂದಷ್ಟು ಜನ ಸೇರಿ, ಹೊಟ್ಟೆ ದಪ್ಪ ಬಾಯಿ ಸಣ್ಣ ಇರುವ ಗ್ಲಾಸುಗಳಲ್ಲಿ ಮೂಗು ತೂರಿಸಿ ಕೂರುವ ಕೂಟಕ್ಕೆ ನಾನು ಮೂಸೋ ಸಂಘ ಎಂದು ಹೆಸರಿಟ್ಟಿದ್ದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಅಧ್ಯಕ್ಷರನ್ನೂ ಆರಿಸಿಕೊಂಡರು.

ಇವರು ನನ್ನ ಮುಖವನ್ನೇ ನೋಡಿದರು. “ಬೇ... ಬೇ...”

“ಬೇಡ ಅಲ್ವಾ? ಈ ಬಾಟ್ಲಿಗಳ ಸಹವಾಸ ಇನ್ನು ಬೇಡ ಅಲ್ವಾ?” ಎಂದೆ.

ಕಣ್ಣು ಮುಚ್ಚಿಕೊಂಡರು. ಒಪ್ಪಿಗೆ ಆಯಿತು. ಅಧ್ಯಕ್ಷರಿಗೆ ಫೋನು ಮಾಡಿದೆ. ಪ್ರಯಾಣದಲ್ಲಿದ್ದಾರಂತೆ, ಮಾರ್ಚ್ ಹದಿನಾರು ಭಾನುವಾರ ಗಾಡಿ ತರುತ್ತಾರಂತೆ. ಇಷ್ಟು ಕಾಲದ ಬೇಡಿಕೆ ಈಡೇರಿತು. ಆದರೂ ಫೋನಿನಲ್ಲಿ ನನ್ನ ದನಿ ಯಾಕೆ ನಡುಗಬೇಕಿತ್ತೋ ಗೊತ್ತಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಮಾತಿನ ಟೀಚರು ಬಂದಿದ್ದಳು. ಆಸ್ಪತ್ರೆಯವರೇ ಗೊತ್ತು ಮಾಡಿದ್ದು. ವಯಸ್ಸು ಚಿಕ್ಕದು, ಬಾಯಿ ಜೋರು. ಚೀಲದಿಂದ ಚಿತ್ರದ ಚೀಟಿಗಳನ್ನು ತೆಗೆದು ನಾಯಿ, ಬಟ್ಟಲು, ಛತ್ರಿ ಎಂದು ತೋರಿಸಿದಳು. ಇವರು ಮುಖ ಅತ್ತ ತಿರುಗಿಸಿಕೊಂಡರು. ಛತ್ರಿಗೆ ಮಾತ್ರ ತುಟಿ ಅಲುಗಿತು. ನಾನು ತಡೆಯಲಾರದೆ “ಛತ್ರಿ” ಎಂದುಬಿಟ್ಟೆ.

“ಆಂಟಿ, ಪರೀಕ್ಷೆ ನಿಮಗಲ್ಲ” ಎಂದಳು.

ಹೌದು ಅಲ್ಲ ಎಂದು ತಲೆ ಆಡಿಸಲಿ, ಸಾಕು ಎಂದೆ ನಾನು. ಈ ಕಾಯಿಲೆಯಲ್ಲಿ ಅದನ್ನೂ ನಂಬಬಾರದಂತೆ. ಹೌದಿಗೆ ಅಡ್ಡಡ್ಡ, ಅಲ್ಲಕ್ಕೆ ಉದ್ದುದ್ದ ಆಡಿಬಿಡುತ್ತದಂತೆ. ಬರೆಯುವುದೂ ಮಾತಿನ ಜೊತೆಗೇ ಹೋಗಿದೆ. ಇವರಿಗೆ ತುಂಬ ಇಷ್ಟವಾದದ್ದು ಯಾವುದು ಎಂದು ಕೇಳಿದಳು. ನಾನು ಗದ್ದದಿಂದಲೇ ಸವತಿಯನ್ನು ತೋರಿಸಿದೆ. ಅವಳು ಎದ್ದು ಹೋಗಿ ಗಾಜಿನೊಳಗೆ ಇಣುಕಿ ನೋಡಿ ಬಂದಳು. ಕುಡಿಯುವುದು ಬೇಡ, ಮೂಸಲಿ. ಚೀಟಿಯಿಂದ ಹೊರಡದ ಮಾತು ವಾಸನೆಯಿಂದ ಹೊರಡಬಹುದು ಎಂದಳು.

ಇಟ್ಟುಕೊಂಡವಳನ್ನು ಔಷಧಿ ಎಂದು ಮನೆಯಲ್ಲೇ ಉಳಿಸಿಕೊಂಡ ಹಾಗಾಯಿತು ನನ್ನ ಕಥೆ.

ಫೆಬ್ರವರಿ ೧೯, ಬುಧವಾರ

ಟೀಚರಮ್ಮನ ಎದುರು ಮೊದಲ ಪೂಜೆ. ಕೆಳಗಿನ ಅರೆಯ ಬಾಟಲಿಗಳಿಗೆಲ್ಲ ಇವರು ಇಟ್ಟ ಹೆಸರುಗಳಿವೆ, ಸಂಘದವರ ಮುಂದೆ ಕೂಗಿ ಕೂಗಿ ನನಗೂ ಬಾಯಿಪಾಠ. ಒಂದು ‘ಬೀಗರು’, ಮೊದಲು ಮೂಗಿಗೆ ಹೊಡೆಯುತ್ತದೆ, ಆಮೇಲೆ ಒಳ್ಳೆಯದಾಗುತ್ತದೆ. ಒಂದು ‘ಹೆಡ್‌ಮಾಸ್ತರು’, ಕೊನೆಯ ತನಕ ನಗುವುದಿಲ್ಲ. ದ್ರಾಕ್ಷಿಯ ಮದ್ಯ ಇಟ್ಟ ಹಳೆಯ ಪೀಪಾಯಿಯಲ್ಲಿ ಕೂತು ಬಂದದ್ದು ‘ಚಿಕ್ಕಮ್ಮ’, ಸಿಹಿ ಜಾಸ್ತಿ.

ಬೀಗರನ್ನು ಗ್ಲಾಸಿನ ತಳ ಮುಚ್ಚುವಷ್ಟು ಸುರಿದು ಕೊಟ್ಟೆ. ಇವರು ಎಡಗೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದರು. ಆಸ್ಪತ್ರೆಗೆ ಹೋದ ಮೇಲೆ ಮೊದಲ ಸಲ ಆ ಮುಖ ಇವರ ಮುಖದ ಹಾಗೆ ಕಂಡಿತು. ಹಗಲೂ ರಾತ್ರಿ ಮಾಡುವವಳು ನಾನು, ಅರಳುವ ಮುಖ ಇನ್ನೊಬ್ಬಳಿಗೆ.

ಬಾಯಿ ತೆರೆದರು. ಏನೋ ಬರುತ್ತಿತ್ತು. “ಹೊಗೆ, ಹೊಗೆ ಅನ್ನಿ” ಎಂದೆ. ಗ್ಲಾಸು ಕೆಳಗಿಟ್ಟರು. ಟೀಚರು ನನ್ನ ಕಡೆ ನೋಡಿದ ನೋಟ ಬರೆಯುವಂಥದ್ದಲ್ಲ.

ಫೆಬ್ರವರಿ ೨೦, ಗುರುವಾರ

ಏನೂ ವಿಶೇಷವಿಲ್ಲ. ಬೀಗರನ್ನು ನಾನೂ ಒಮ್ಮೆ ಮೂಸಿದೆ. ದರಿದ್ರ.

ಫೆಬ್ರವರಿ ೨೭, ಗುರುವಾರ

ಇವತ್ತು ಬರೆಯದೆ ಮಲಗುವುದಿಲ್ಲ, ಅಷ್ಟು ಖುಷಿ.

ಬೆಳಗ್ಗೆ ಅಣ್ಣ ಬಂದು ಇವರ ಹತ್ತಿರ ಕೂರುತ್ತಾನೆ, ನಾನು ಅಂಗಡಿ ನೋಡಿಕೊಂಡು ಮಧ್ಯಾಹ್ನ ಬರುತ್ತೇನೆ. ಸಣ್ಣಪುಟ್ಟ ಹೊಲಿಗೆಯನ್ನು ಮನೆಗೇ ತರುತ್ತೇನೆ. ಇವತ್ತು ಯಾರದೋ ಪ್ಯಾಂಟಿನ ಕಾಲು ಮಡಿಸುವುದಿತ್ತು. ಇವರ ಕೈಗೆ ಬೀಗರನ್ನು ಕೊಟ್ಟು, ಎದುರಿಗೆ ಕೂತು, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದೇ ಚುಚ್ಚುತ್ತಿದ್ದೆ. ಇವರು ಮೂಸಿದರು. ಬಾಯಿ ತೆರೆದರು. ಹಾಗೇ ಇದ್ದರು. ನಾನು ಏನಾದರೂ ಹೇಳೋಣವೆಂದರೆ ಬಾಯಿ ತುಂಬ ಸೂಜಿ, ತೆರೆದರೆ ನುಂಗಬೇಕು. ಬರೀ ಗಂಟಲಲ್ಲಿ ಹೂಂ ಎಂದೆ.

“ಹೊ...” ಎಂದರು. ಎಷ್ಟೋ ಹೊತ್ತಾದ ಮೇಲೆ, “ಗೆ.”

ಸೂಜಿಗಳನ್ನೆಲ್ಲ ಪ್ಯಾಂಟಿನ ಮೇಲೆ ಉಗುಳಿ ಎದ್ದು ಕುಣಿದೆ. ಇವರೂ ನಕ್ಕರು, ಬಾಯಿ ಸ್ವಲ್ಪ ಓರೆಯಾಗಿ. ಎಲ್ಲ ಬೀಗರ ಮಹಿಮೆ, ಸುಳ್ಳು ಹೇಳಬಾರದು. ನಾನೂ ಇನ್ನೊಮ್ಮೆ ಮೂಸಿ ನೋಡಿದೆ. ಬೆಂಕಿ ಆರಿಸುವವರ ಕೋಟುಗಳು ನಮ್ಮ ಅಂಗಡಿಗೇ ಒಗೆಯಲು ಬರುತ್ತವೆ. ಒದ್ದೆಯಾದ ದಪ್ಪ ಬಟ್ಟೆಯಲ್ಲಿ ಕೂತ ಹೊಗೆ, ಅದೇ ವಾಸನೆ. ಹಾಗೆಂದು ಇವರಿಗೆ ಹೇಳಿದೆ. ಕಣ್ಣರಳಿಸಿ ನನ್ನನ್ನು ನೋಡಿದರು. ಸಂಘದಲ್ಲಿ ಇದನ್ನು ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಮಾರ್ಚ್ ೩, ಸೋಮವಾರ

ಈಚೆಗೆ ಹೊಲಿಗೆ ಕೆಲಸ ಹೆಚ್ಚಾಗಿದೆ, ಇವರು ಮೂಸುವ ಹೊತ್ತಿಗೇ ಸೂಜಿ ಹಿಡಿದು ಕೂರುವಂತಾಗುತ್ತದೆ. ಚಿಕ್ಕಮ್ಮನಿಗೆ “ಜೇನು” ಬಂತು. ಹೆಡ್‌ಮಾಸ್ತರಿಗೆ “ಉಪ್ಪು” ಬಂತು. ವಿಸ್ಕಿಯಲ್ಲಿ ಎಲ್ಲಿಯ ಉಪ್ಪು, ತಲೆ ಇನ್ನೂ ಸರಿಯಾಗಿಲ್ಲ ಎಂದುಕೊಂಡು, ಪರೀಕ್ಷೆಗೆಂದು ನಾಲಿಗೆಗೆ ಒಂದಿಷ್ಟು ಹಚ್ಚಿಕೊಂಡೆ. ಹೌದು, ಉಪ್ಪು. ಸಮುದ್ರದ ದಂಡೆಯಲ್ಲಿ ಇಟ್ಟು ಹಣ್ಣು ಮಾಡುತ್ತಾರೆಂದು ಇವರು ಹಿಂದೆ ಬಡಬಡಿಸಿದ್ದು ನೆನಪಾಯಿತು. ಗ್ಲಾಸಿಗೆ ನೀರು ಒಂದು ಹನಿ ಬಿಡು ಎಂದು ಸನ್ನೆ ಮಾಡಿದರು. ಬಿಟ್ಟೆ. ಮುಚ್ಚಿದ್ದ ಪೆಟ್ಟಿಗೆ ತೆರೆದ ಹಾಗೆ ವಾಸನೆ ಎದ್ದು ಬಂತು, ಬೇರೆಯೇ ಒಂದು ವಾಸನೆ, ಹಸಿರು ಸೇಬಿನದು. ಸುರಿದದ್ದನ್ನು ಚೆಲ್ಲಲು ಮನಸ್ಸಾಗಲಿಲ್ಲ.

ಅದಾದ ಮೇಲೆ ಸೂಪು ಕೊಟ್ಟೆ. ಅರ್ಧ ಮುಗಿದಾಗ “ಬೇ” ಎಂದರು. ತಟ್ಟೆ ತೆಗೆಯಲು ಕೈ ಚಾಚಿದೆ, ಅಷ್ಟರಲ್ಲಿ ಕಡಿಯುತ್ತಿದ್ದ ಹೊಲಿಗೆಯ ದಾರ ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವ ಹೊತ್ತಿಗೆ ಇವರ ಮಾತು ಪೂರ್ತಿಯಾಯಿತು.

“ಬೇ... ಕು.”

ಬೇಕು. ಇನ್ನೂ ಬೇಕು. ಇನ್ನೊಂದು ಬಟ್ಟಲು ಸೂಪು ಸುರಿದೆ, ಅದನ್ನೂ ಕುಡಿದರು, ಬ್ರೆಡ್ಡನ್ನೂ ತಿಂದರು. ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತೆ. ಮನೆಗೆ ಬಂದಾಗಿನಿಂದ ಹಸಿದ ಮನುಷ್ಯನ ಮುಂದಿನಿಂದ ತಟ್ಟೆ ಎತ್ತಿಕೊಂಡು ಹೋಗಿದ್ದೇನೆ. ತೂಕ ಇಳಿದದ್ದು ಕಾಯಿಲೆಯಿಂದ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ.

ಹಾಗಾದರೆ ಆ ಮಂಗಳವಾರ ಕಪಾಟಿನ ವಿಷಯಕ್ಕೆ ಅಂದ “ಬೇ” ಯಾವುದು?

ಮಾರ್ಚ್ ೮, ಶನಿವಾರ

ಇವತ್ತು ಮತ್ತೆ ಕೇಳಿದೆ. ಕಪಾಟನ್ನು ಅಧ್ಯಕ್ಷರಿಗೆ ಕೊಡುವುದು ಬೇಕೋ ಬೇಡವೋ ಎಂದು, ಒಂದೊಂದೇ ಮಾತಾಗಿ. ನನ್ನ ಮುಖ ನೋಡಿ “ಬೇ” ಎಂದರು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು, ನಾನು ಏಳಲಿಲ್ಲ. ಮುಂದಿನದು ಬರಲಿಲ್ಲ. ಹಣೆಯಲ್ಲಿ ಬೆವರು ಬಂತು, ಕುರ್ಚಿಯ ಕೈಯನ್ನು ಎಡಗೈಯಿಂದ ಗುದ್ದಿದರು, ಆಮೇಲೆ ಸೋತು ಹಿಂದಕ್ಕೆ ಒರಗಿದರು. ಸಾಕು, ಇನ್ನೊಂದು ದಿನ ಎಂದು ತಲೆ ಸವರಿದೆ.

ಸಂಜೆ ಅಣ್ಣನಿಗೆ ಹೇಳಿದೆ. ಅವನದು ಯಾವಾಗಲೂ ನೇರ ಲೆಕ್ಕ.

“ಪುಟ್ಟೀ, ಬೇಡ ಅಂದಿದ್ರೆ ತೊಂದರೆಯೇ ಇಲ್ಲ. ಬೇಕು ಅಂದಿದ್ರೂ ಇನ್ನು ಅದು ಅವರಿಗೆ ವಿಷ. ಎದುರಿಗಿಟ್ಟು ಯಾಕೆ ಆಸೆ ಹುಟ್ಟಿಸ್ತೀಯಾ? ಕೊಟ್ಟು ಕಳಿಸು.”

ತಪ್ಪೇನಿಲ್ಲ ಅವನ ಮಾತಿನಲ್ಲಿ. ಒಂದು ತಿಂಗಳ ಹಿಂದೆ ಆಗಿದ್ದರೆ ಅವನಿಗಿಂತ ಮೊದಲು ನಾನೇ ಹೇಳಿರುತ್ತಿದ್ದೆ. ಆದರೆ ಅಲ್ಲಿರುವುದು ಇವರು ಒಂದೊಂದಾಗಿ ಹುಡುಕಿ, ಕಾದು, ಅಂಗಡಿ ಮುಚ್ಚಿ ಹೋಗಿ ತಂದದ್ದು. ಕೆಲವನ್ನು ಮಾಡುತ್ತಿದ್ದ ಕಾರ್ಖಾನೆಗಳೇ ಈಗ ಬಾಗಿಲು ಹಾಕಿವೆಯಂತೆ, ಮತ್ತೆ ಬೇಕೆಂದರೆ ಸಿಗುವುದಿಲ್ಲ. ಮಾತಾಡಲು ಬಾರದವರ ಸಾಮಾನನ್ನು ಅವರ ಕಣ್ಣೆದುರೇ ಹೊರಿಸಿ ಕಳಿಸುವುದು ಹೇಗೆ? ಹಾಗೆ ಮಾಡಿದರೆ ಇವರು ಮುಂದೆ ಬಾಯಿ ತೆರೆಯುವ ಪ್ರಯತ್ನವನ್ನೇ ಬಿಟ್ಟಾರು ಎಂದು ನನಗೆ ಭಯ. ಅಣ್ಣನಿಗೆ ಇದನ್ನು ಹೇಳಲು ಹೋದರೆ, ನಿನ್ನೆ ತನಕ ಸವತಿ ಅಂತಿದ್ದೆ ಎಂದು ನಗುತ್ತಾನೆ. ಯಾವತ್ತೋ ತಮಾಷೆಗೆ ಅಂದದ್ದನ್ನೇ ಹಿಡಿದುಕೊಂಡಿದ್ದಾನೆ.

ಮಾರ್ಚ್ ೧೨, ಬುಧವಾರ

ಟೀಚರು ಬಂದಿದ್ದಳು. ಮೂಸುವಾಗ ಹೊಸ ಮಾತು ಎರಡು ಬಂದವು: “ಚರ್ಮ”, “ಕಿತ್ತಳೆ”. ಹೋಗುವಾಗ ಬಾಗಿಲಲ್ಲಿ ನಿಂತು, ಆಂಟಿ, ನೀವು ತುಂಬ ಬದಲಾಗಿದ್ದೀರಿ ಎಂದಳು. ತೂಕ ನನಗೂ ಇಳಿದಿದೆ, ಅದನ್ನೇ ಹೇಳಿರಬೇಕು.

ಮಾರ್ಚ್ ೧೫, ಶನಿವಾರ

ನಾಳೆ ಅಧ್ಯಕ್ಷರು ಬರುತ್ತಾರೆ.

ಫೋನು ಮಾಡಿ ಬರಬೇಡಿ ಎನ್ನಬಹುದಿತ್ತು. ಫೋನು ಕೈಗೂ ತೆಗೆದುಕೊಂಡೆ. ಆದರೆ ಅದೂ ಇವರ ಬದಲು ನಾನೇ ಹೇಳಿದಂತೆ. ಕೊಡುತ್ತೇನೆಂದದ್ದೂ ನಾನು, ಕೊಡುವುದಿಲ್ಲವೆಂದದ್ದೂ ನಾನು, ನಡುವೆ ಇವರೆಲ್ಲಿ? ಬರಲಿ. ಗೆಳೆಯನೇ ಕೇಳಲಿ. ಉತ್ತರ ಬಂದರೆ ಅದರಂತೆ ಆಗುತ್ತದೆ, ಬರದಿದ್ದರೆ ಬರುವ ತನಕ ಬಾಟಲಿಗಳು ಇದ್ದಲ್ಲೇ ಇರುತ್ತವೆ.

ಮಧ್ಯಾಹ್ನ ಬಾಟಲಿಗಳನ್ನೆಲ್ಲ ಒರೆಸಿದೆ. ಇವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಒಂದೊಂದನ್ನೂ ಬಾಗಿಸಿ ಬಿರಡೆ ಒದ್ದೆ ಮಾಡಿ ನಿಲ್ಲಿಸಿದೆ. ಒಂದನ್ನು ಬೆಳಕಿಗೆ ಹಿಡಿದಾಗ ಬಣ್ಣ ಎಷ್ಟು ಚೆನ್ನಾಗಿತ್ತು, ಚಹಾ ಸೋಸಿದ ಬಣ್ಣ. ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ.

ಮಾರ್ಚ್ ೧೬, ಭಾನುವಾರ

ಅಧ್ಯಕ್ಷರು ಬೆಳಗ್ಗೆಯೇ ಬಂದರು, ರಟ್ಟಿನ ಪೆಟ್ಟಿಗೆ, ಹಳೆಯ ಹೊದಿಕೆ ಎಲ್ಲ ಹಿಡಿದುಕೊಂಡು. ಇವರನ್ನು ನೋಡಿ ಹೋಟೆಲಿನ ಧಣಿಯ ಗತ್ತೆಲ್ಲ ಇಳಿದುಹೋಯಿತು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ನಾನು ಚಹಾ ತಂದಿಟ್ಟು, ನನ್ನನ್ನು ಕೇಳಬೇಡಿ, ಕಪಾಟು ಯಾರದೋ ಅವರನ್ನೇ ಕೇಳಿ ಎಂದೆ. ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ.

“ಒಯ್ಯಲೇನೋ? ನಿನ್ನ ಮನಸ್ಸಲ್ಲಿ ಏನಿದೆ ಹೇಳು” ಎಂದರು ಅಧ್ಯಕ್ಷರು.

“ಬೇ” ಎಂದರು ಇವರು.

ಬೇಡ ಅಂತಿದ್ದಾರೆ ಎಂದ ಅಣ್ಣ. ಇಲ್ಲ, ಬೇಕು ಅಂತ ಇರಬೇಕು ಎಂದರು ಅಧ್ಯಕ್ಷರು. ಇಬ್ಬರಿಗೂ ಸುಮ್ಮನಿರಲು ಕೈ ಮಾಡಿದೆ. ನನ್ನ ನಾಲಿಗೆಯ ತುದಿಯಲ್ಲೂ ಎರಡು ಮಾತು ಸಿದ್ಧವಾಗಿದ್ದವು, ಕಚ್ಚಿ ಹಿಡಿದೆ. ಚಹಾಕ್ಕೆ ಕೆನೆ ಕಟ್ಟಿತು. ಇವರು ಕಪಾಟನ್ನು ನೋಡುತ್ತಲೇ ಇರಲಿಲ್ಲ, ನನ್ನನ್ನು ನೋಡುತ್ತಿದ್ದರು. ಆಗ ತಿಳಿಯಿತು, ನನ್ನ ಕೆನ್ನೆ ಒದ್ದೆಯಾಗಿದೆ ಎಂದು.

“ಜಾ” ಎಂದರು.

ಬೇಡದಲ್ಲಿ ಜಾ ಇಲ್ಲ. ಬೇಕಿನಲ್ಲೂ ಇಲ್ಲ. ಇವರು ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಭಾರ ಎತ್ತುವವರಂತೆ ಒಂದೊಂದೇ ತುಂಡು ತಂದು ನನ್ನ ಮುಂದಿಟ್ಟರು.

“ಬೇಜಾರ್... ಮಾಡ್ಕೋ... ಬೇಡ.”

ಉಸಿರು ಎಳೆದುಕೊಂಡು, ಇನ್ನೂ ಒಂದು.

“ಕೊಡು.”

ಸೂಪಿನದು ಬಿಟ್ಟರೆ ಇಷ್ಟು ದಿನವೂ ಅದೇ ಮಾತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ನಾನು ಅಳುವುದನ್ನು ನೋಡಿ ಅಂದದ್ದೂ ಅದೇ ಇರಬೇಕು, ನಾನು ಹೊದಿಕೆ ಎಳೆದೆ. ಕಪಾಟು ಕಳಿಸೋಣವಾ ಎಂದು ಕೇಳಿದಾಗ ನನ್ನ ಮುಖ ನೋಡಿ ಅಂದದ್ದೂ ಅದೇ, ನಾನು ಅಧ್ಯಕ್ಷರಿಗೆ ಫೋನು ಮಾಡಿದೆ. ತಮ್ಮ ಕಾಯಿಲೆಗಲ್ಲ, ಬಾಟಲಿಗಲ್ಲ, ನನ್ನ ಬೇಜಾರಿಗೆ ಈ ಮನುಷ್ಯ ತಿಂಗಳಿಗೂ ಹೆಚ್ಚು ಕಾಲ ಒಂದು ಮಾತು ಹೊತ್ತುಕೊಂಡು, ಅದರ ಮೊದಲ ಅಕ್ಷರದಲ್ಲೇ ನನ್ನ ಕೈಯಲ್ಲಿ ಸಿಕ್ಕಿ ಸಾಯುತ್ತಿದ್ದರು. ನಾನು ನೆಲದ ಮೇಲೆ ಕೂತು, ಅಧ್ಯಕ್ಷರು ಇದ್ದಾರೆ ಅಣ್ಣ ಇದ್ದಾನೆ ಎಂದು ನೋಡದೆ, ಇವರ ಮೊಣಕಾಲಿಗೆ ಮುಖ ಒತ್ತಿ ಜೋರಾಗಿ ಅತ್ತೆ.

ಅಧ್ಯಕ್ಷರು ಕಣ್ಣು ಒರೆಸಿಕೊಂಡು ಎದ್ದರು. ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ ಅತ್ತಿಗೆ, ಯೋಚನೆ ಮಾಡಬೇಡಿ ಎಂದು ಮೊದಲ ಪೆಟ್ಟಿಗೆ ಬಿಚ್ಚಿ ಕಪಾಟಿನ ಗಾಜಿಗೆ ಕೈ ಹಾಕಿದರು.

“ಕೊಡಲ್ಲ” ಎಂದೆ.

ಅಧ್ಯಕ್ಷರು ತಿರುಗಿ ನೋಡಿದರು. ಅವನೇ ಕೊಡು ಅಂದನಲ್ಲ ಎಂದರು. ಇವರೂ ನನ್ನ ತಲೆಯ ಮೇಲಿನಿಂದ, ಈ ಸಲ ತಡವರಿಸದೆ, “ಕೊಡು” ಎಂದರು.

“ಕೊಡಲ್ಲ ರೀ. ನೀವು ಸುಮ್ನಿರಿ.”

ಬಾಯಿ ಮುಚ್ಚಿಕೊಂಡು, ಕಾದು, ಕೊನೆಗೂ ಇವರ ಮಾತು ಪೂರ್ತಿ ಕೇಳಿಸಿಕೊಂಡೆ. ಆದರೆ ಕೇಳಲಿಲ್ಲ.